ಮಷಿನ್ ಏಳುವಷ್ಟರಲ್ಲಿ ಬಂದ ಹೊಳೆ

ಈ ಮಾತನ್ನು ಮಷಿನ್ನಿಗೆ ಮನೆ ಕಟ್ಟಿದವರಿಂದಲೇ ಶುರು ಮಾಡಬೇಕು.

ಎಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಪುಣೆಯಲ್ಲಿ ನಾನಿದ್ದ ಸರಕಾರಿ ಕಚೇರಿಯದು ನೀರಿನ ಲೆಕ್ಕದ ಕೆಲಸ. ಮೇಲೆ ಅಣೆಕಟ್ಟಿನಲ್ಲಿ ಎಷ್ಟು ಬಾಗಿಲು ಎತ್ತಿದರು, ಘಟ್ಟದಲ್ಲಿ ಎಷ್ಟು ಮಳೆ ಬಿತ್ತು, ಊರೊಳಗೆ ಎರಡು ಹೊಳೆ ಕೂಡುವ ಕಡೆ ನೀರು ಎಲ್ಲಿಯ ತನಕ ಏರುತ್ತದೆ, ಇಷ್ಟನ್ನು ನಾವು ಹೇಳಬೇಕು. ಒಂದೇ ಹೊಳೆಯಾದರೆ ಕಾಗದದ ಮೇಲೆ ಹೇಳಬಹುದು. ಎರಡೂ ತುಂಬಿ ಬಂದಾಗ ಒಂದು ಇನ್ನೊಂದನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಬಂದ ದಾರಿಯಲ್ಲೇ ಮೇಲಕ್ಕೇರುತ್ತದೆ. ಆ ಲೆಕ್ಕಕ್ಕೆ ದೊಡ್ಡ ಕಂಪ್ಯೂಟರ್ ಬೇಕು, ಅದಕ್ಕೆ ದೊಡ್ಡ ಮೆಮರಿ ಬೇಕು. ದೊಡ್ಡದು ಅಂದರೆ ಆ ಕಾಲಕ್ಕೆ ದೊಡ್ಡದು. ಈಗಿನ ಮಕ್ಕಳು ಕೇಳಿದರೆ ನಕ್ಕಾರು. ಆಗ ಅದನ್ನು ನೋಡಲು ಬೇರೆ ಊರಿನ ಪ್ರೊಫೆಸರುಗಳು ಬರುತ್ತಿದ್ದರು.

ಆ ಮಷಿನ್ನಿಗೆ ತಂಪು ಕೋಣೆ ಕಟ್ಟಲು ಬಂದವರು ನಮ್ಮ ಕಡೆಯವರು, ಯಾದಗಿರಿ ಕಡೆಯ ಗೌಂಡಿಗಳು. ಮರಾಠಿ ಕಚೇರಿಯಲ್ಲಿ ದಿನವಿಡೀ ಮರಾಠಿ ಆಡಿ ನಾಲಿಗೆ ದಣಿದಿದ್ದ ನನಗೆ ಕಿಟಕಿಯಾಚೆ "ಏ ತಮ್ಮಾ, ಕಲ್ಲು ತಾ" ಅಂತ ಕೇಳಿದಾಗ ಕುರ್ಚಿಯಲ್ಲಿ ಕೂಡಲಾಗಲಿಲ್ಲ. ಹೋಗಿ ಮಾತಾಡಿಸಿದೆ. ಅವರ ಮೇಸ್ತ್ರಿ ನನಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದಾನು. ಅವನ ಹೆಂಡತಿ ಗಾರೆಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಭಾರ ಹೊತ್ತಾಗಲೂ ಮಾತು ನಿಲ್ಲಿಸುವ ಹೆಣ್ಣಲ್ಲ.

"ಇಷ್ಟ ತಣ್ಣಗಿನ ಮನ್ಯಾಗ ಯಾರಿರ್ತಾರ್ರಿ ಅಣ್ಣಾರ?"

"ಒಂದು ಮಷಿನ್ ಇರ್ತದವ್ವಾ."

"ಅಯ್ಯ, ಮಷಿನ್ನಿಗೂ ಧಗಿ ಆಗ್ತದೇನು! ನಮ್ಮವ್ರಿಗೆ ಒಂದು ಬೀಸಣಿಕಿ ತಂದುಕೊಡ್ರಿ ಅಂದ್ರ ಕೊಡ್ಲಿಲ್ಲ ನೋಡ್ರಿ ಈ ಗಂಡ" ಅಂತ ಮೇಸ್ತ್ರಿಯ ಕಡೆ ಕಣ್ಣು ಹೊರಳಿಸಿದಳು.

ಮೇಸ್ತ್ರಿ ಕರಣೆ ಕೆಳಗಿಡದೆ ಅಂದ: "ಆ ಮಷಿನ್ ಬಾಯಿ ಮುಚ್ಚಿಕೊಂಡು ಕೆಲಸಾ ಮಾಡ್ತದ, ಅದಕ್ಕ ಅದನ್ನ ತಣ್ಣಗ ಇಡ್ತಾರ."

ಎಲ್ಲರೂ ನಕ್ಕರು. ಅದು ಏನು ಮಾಡುತ್ತದೆ ಅಂತ ಆಕೆ ಮತ್ತೆ ಕೇಳಿದಳು. ಹೊಳೆ ಎಲ್ಲಿತನಕ ಬರ್ತದ ಅಂತ ಮೊದಲೇ ಹೇಳ್ತದ ಅಂದೆ. ಆಕೆ ಬುಟ್ಟಿ ಇಳಿಸಿ ನಿಂತಳು. "ಹಂಗಂದ್ರ ನಮ್ಗೂ ಹೇಳಸ್ರಿ. ನಮ್ಮ ಗುಡಿಸ್ಲು ಹೊಳಿ ದಂಡಿಗೇ ಅದಾವ."

ಹೇಳಸ್ತೀನಿ ಅಂದೆ. ಹಾಗನ್ನುವುದಕ್ಕೆ ನನಗೇನು ಖರ್ಚು?

ಇನ್ನು ಮಷಿನ್ನಿನ ಮಾತು. ನಮ್ಮಲ್ಲಿ ಮೊದಲಿದ್ದ ಹಳೆಯ ಕಂಪ್ಯೂಟರಿನ ಮೆಮರಿ ಸಾಸಿವೆಕಾಳಿನಷ್ಟು ಸಣ್ಣ ಕಾಂತದ ಉಂಗುರಗಳದ್ದು. ತಂತಿಯಲ್ಲಿ ಪೋಣಿಸಿದ ಆ ಉಂಗುರಗಳಿಗೆ ಕರೆಂಟ್ ಹೋದರೂ ಏನೂ ಆಗುತ್ತಿರಲಿಲ್ಲ, ಬರೆದದ್ದು ಹಾಗೆಯೇ ಇರುತ್ತಿತ್ತು. ಮಳೆಗಾಲದಲ್ಲಿ ಪುಣೆಯ ಕರೆಂಟು ಹೋಗಿ ಬಂದು ಮಾಡುವುದು ಇದ್ದದ್ದೇ. ಬಂದ ಕೂಡಲೇ ಒಂದು ಗುಂಡಿ ಒತ್ತಿದರೆ ಲೆಕ್ಕ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತಿತ್ತು. ಕಥೆ ಹೇಳುತ್ತ ಹೇಳುತ್ತ ಅಡಿಕೆ ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸಿ, ಅರ್ಧಕ್ಕೆ ಬಿಟ್ಟ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದ ನಮ್ಮಜ್ಜಿಯ ಹಾಗೆ. ಅದರ ಜತೆ ವರ್ಷಗಟ್ಟಲೆ ಬಾಳಿ ನಮಗೊಂದು ರೂಢಿ ಬಿದ್ದಿತ್ತು. ಜನರೇಟರ್ ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಲೆಕ್ಕದ ನಡುವೆ ಅದನ್ನು ಡಿಸ್ಕಿಗೆ ಬರೆದಿಡಬೇಕು ಅಂತಲೂ ಅನ್ನಿಸಿರಲಿಲ್ಲ. ಹೊಸ ಮಷಿನ್ ಕೊಳ್ಳುವಾಗ ನೂರೆಂಟು ಪ್ರಶ್ನೆ ಕೇಳಿದೆವು. ಬಿದ್ದ ಮೇಲೆ ಏಳಲು ಅದಕ್ಕೆ ಎಷ್ಟು ಹೊತ್ತು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಹಳೆಯದು ಬೀಳುತ್ತಲೇ ಇರಲಿಲ್ಲವಲ್ಲ!

ಹೊಸದರ ಮೆಮರಿ ಚಿಪ್ಪುಗಳದ್ದು. ಕರೆಂಟ್ ಹೋಯಿತೋ, ಎಲ್ಲ ಖಾಲಿ. ಬಂದ ಮೇಲೆ ಮೊದಲು, ಪಕ್ಕದಲ್ಲಿದ್ದ ಒಂದು ಪುಟ್ಟ ಸಹಾಯಕ ಕಂಪ್ಯೂಟರ್ ಎದ್ದು ದೊಡ್ಡದರ ಮೆಮರಿಯ ಒಂದೊಂದು ಕೋಶಕ್ಕೂ ಒಂದು ಅಂಕಿ ಬರೆದು, ಓದಿ, ತಿರುವಿ ಬರೆದು, ಮತ್ತೆ ಓದಿ ಸರಿಯಿದೆಯೋ ಇಲ್ಲವೋ ನೋಡುತ್ತಿತ್ತು. ಆಮೇಲೆ ದೊಡ್ಡ ಮಷಿನ್ನಿನ ಆಪರೇಟಿಂಗ್ ಸಿಸ್ಟಮ್ ಎದ್ದು ಅದೇ ಮೆಮರಿಯನ್ನು ಪುಟಗಳೆಂಬ ತುಂಡುಗಳಾಗಿ ಎಣಿಸಿ ಒಂದೊಂದು ಪುಟಕ್ಕೂ ಒಂದು ದಾಖಲೆ ತಯಾರಿಸುತ್ತಿತ್ತು. ಮೆಮರಿ ಕಡಿಮೆಯಿದ್ದ ಮಷಿನ್ನುಗಳಲ್ಲಿ ಇದೆಲ್ಲ ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ನಾವು ಮೆಮರಿಯನ್ನು ಆಸೆಪಟ್ಟು ಹಲವು ಪಟ್ಟು ಹೆಚ್ಚು ತರಿಸಿದ್ದೆವು. ಹೆಚ್ಚಿದಷ್ಟೂ ಅದರ ಏಳುವಿಕೆ ನಿಧಾನವಾಗಿ, ಕಡೆಗೆ ಮುಕ್ಕಾಲು ಗಂಟೆಗೆ ಬಂದು ನಿಂತಿತ್ತು. ಅಣೆಕಟ್ಟಿನ ನೀರು ಗುಡಿಸಲುಗಳಿಗೆ ಮುಟ್ಟಲು ತೆಗೆದುಕೊಳ್ಳುವುದು ಹೆಚ್ಚೆಂದರೆ ಎರಡು ಗಂಟೆ. ಮಷಿನ್ ಏಳಬೇಕು, ಫೋನಿನಲ್ಲಿ ಬಂದ ಅಂಕಿಗಳನ್ನು ಕೈಯಿಂದ ತುಂಬಬೇಕು, ಲೆಕ್ಕ ಓಡಬೇಕು, ನಾವು ಪ್ರವಾಹ ನಿಯಂತ್ರಣ ಕೋಣೆಗೆ ಹೇಳಬೇಕು, ಅವರ ಜೀಪು ಹೊರಡಬೇಕು.

ಮೊದಲ ಮಳೆಗಾಲದಲ್ಲೇ ಅದು ಆಗಿಹೋಯಿತು. ಮಧ್ಯಾಹ್ನ, ಲೆಕ್ಕ ಅರ್ಧ ಓಡಿತ್ತು. ಬಾಗಿಲು ಎತ್ತಿದ್ದೇವೆ ಅಂತ ಅಣೆಕಟ್ಟಿನಿಂದ ಫೋನ್ ಬಂದಿತ್ತು. ಫಕ್ಕನೆ ಕರೆಂಟ್ ಹೋಗಿ ಕೂಡಲೇ ಬಂತು. ಕಣ್ಣು ಮಿಟುಕಿಸಿದಷ್ಟೇ. ಪುಟ್ಟ ಕಂಪ್ಯೂಟರಿನ ಟೆಲಿಪ್ರಿಂಟರ್ ಮೆಮರಿ ನೋಡಲು ಶುರು ಮಾಡಿದ್ದೇನೆ ಅಂತ ಬರೆಯಿತು. ಮರಾಠಿ ರೂಢಿಯಂತೆ ನಾವು ಬಾಯಿ ಅಂತ ಕರೆಯುತ್ತಿದ್ದ ನಮ್ಮ ಆಪರೇಟರ್, ಸದಾಶಿವ ಪೇಟೆಯ ಗಟ್ಟಿ ಹೆಂಗಸು, ಅಂಕಿಗಳ ಹಾಳೆ ಮುಂದಿಟ್ಟುಕೊಂಡು ಕೈ ಕಟ್ಟಿ ಕೂತರು. ಮಾಡಲು ಏನೂ ಇರಲಿಲ್ಲ. ಮಷಿನ್ ಎದ್ದು, ಲೆಕ್ಕ ಮೊದಲಿನಿಂದ ಓಡಿ, ಜೀಪು ಹೊಳೆ ದಂಡೆಗೆ ಹೋಗುವ ಹೊತ್ತಿಗೆ ಗುಡಿಸಲುಗಳೊಳಗೆ ನೀರಿತ್ತು.

ಮೇಸ್ತ್ರಿಯ ಗುಂಪೆಲ್ಲ ಊರಾಚೆ ಕೊಂಢವಾದಲ್ಲಿ ಕೆಲಸದ ಮೇಲಿತ್ತು. ಅವನ ಹೆಂಡತಿಗೆ ಅಂದು ಜ್ವರ. ಒಬ್ಬಳೇ ಮಲಗಿದ್ದಳು.

ಮರುದಿನ ಕೆಳಗೆ ಸೇತುವೆಯ ಕಮಾನಿನ ಹತ್ತಿರ ಸಿಕ್ಕಳು. ಮಣ್ಣು ಮಾಡಿ ಬಂದ ಮೇಲೆ ಮೇಸ್ತ್ರಿ ನನ್ನ ಹತ್ತಿರ ಕೂತ. ಅತ್ತು ಮುಗಿದಿತ್ತು ಅಂತ ಕಾಣುತ್ತದೆ. ತೀರ ಸಾಧಾರಣ ದನಿಯಲ್ಲಿ ಕೇಳಿದ.

"ಮಷಿನ್ ಹೇಳ್ಲಿಲ್ಲೇನ್ರಿ?"

"ಹೇಳ್ತು. ತಡಾ ಆತು."

"ಯಾಕ್ರಿ?"

"ಕರೆಂಟ್ ಹೋತು. ಹೋದ ಮ್ಯಾಲೆ ಅದು ಏಳಾಕ ಭಾಳ ಹೊತ್ತು ಹಿಡೀತದ."

"ಲಗೂ ಏಳಾಕ ಬರೂದಿಲ್ಲೇನ್ರಿ ಅದಕ?"

"ಬರೂದಿಲ್ಲ" ಅಂದೆ. ಸುಳ್ಳು ಹೇಳಲಿಲ್ಲ. ಕಂಪನಿಯ ಸರ್ವಿಸ್ ಇಂಜಿನಿಯರನ್ನು ಅಂದು ಬೆಳಿಗ್ಗೆಯೇ ಕೇಳಿದ್ದೆ. ದೊಡ್ಡ ಮೆಮರಿಗೆ ಅಷ್ಟು ಹೊತ್ತು ಬೇಕೇ ಬೇಕು, ಅದು ಹಾಗೆಯೇ, ಅಂದಿದ್ದ. ಮೇಸ್ತ್ರಿ ತಲೆ ಆಡಿಸಿದ. ಗೋಡೆ ಒಣಗಲು ಇಷ್ಟು ದಿನ ಬೇಕು ಅಂದರೆ ಒಪ್ಪಿಕೊಳ್ಳುವ ಮನುಷ್ಯ; ಇದನ್ನೂ ಹಾಗೆಯೇ ಒಪ್ಪಿಕೊಂಡ.

ನನಗೆ ಒಪ್ಪಿಕೊಳ್ಳಲಾಗಲಿಲ್ಲ. ಆ ಮಳೆಗಾಲ ಮುಗಿದ ಮೇಲೆ ಸಾಹೇಬರ ಹತ್ತಿರ ಹೋಗಿ ಮಷಿನ್ ಬೇಗ ಏಳುವ ಹಾಗೆ ಮಾಡಲು ಬಿಡಿ ಅಂದೆ. ನಮ್ಮ ಸಾಹೇಬರು ಮರಾಠಿಯವರು, ಮಾತೂ ಮರಾಠಿಯದೇ; ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಬಾಬಾ, ಅದು ಕಂಪನಿಯ ಕೆಲಸ. ನೀನು ಕೈಯಿಟ್ಟರೆ ಕೆಟ್ಟಾಗ ಅವರು ಬರುವುದಿಲ್ಲ" ಅಂದರು. ಆಮೇಲೆ ಫೈಲು ತೆರೆಯುತ್ತ, "ಭಾನುವಾರ ಮಷಿನ್ ಖಾಲಿ ಇರುತ್ತದೆ. ಭಾನುವಾರ ನಾನು ಇತ್ತ ಬರುವುದಿಲ್ಲ" ಅಂದರು. ಅವರು ಅನುಮತಿ ಕೊಡುವ ಬಗೆ ಅದು.

ಮೊದಲ ಭಾನುವಾರಗಳು ಅಳೆಯುವುದರಲ್ಲೇ ಹೋದವು. ಹೊತ್ತು ಎಲ್ಲಿ ಸೋರುತ್ತದೆ ಅಂತ ತಿಳಿಯದೆ ತೂತು ಮುಚ್ಚುವುದು ಹೇಗೆ? ಬಹುಪಾಲು ಹೊತ್ತನ್ನು ಆ ಪುಟ್ಟ ಕಂಪ್ಯೂಟರಿನ ಪರೀಕ್ಷೆಯೇ ತಿನ್ನುತ್ತಿತ್ತು. ದೊಡ್ಡ ಮಷಿನ್ನಿನ ಮೆಮರಿಗೂ ಅದಕ್ಕೂ ನಡುವೆ ಇದ್ದದ್ದು ಸಣ್ಣದೊಂದು ದಾರಿ, ಬಾವಿಯ ನೀರನ್ನು ಚಮಚೆಯಲ್ಲಿ ಎತ್ತಿದ ಹಾಗೆ. ಸರಿ, ಪರೀಕ್ಷೆಯನ್ನೇ ಬಿಟ್ಟುಬಿಡೋಣ ಅಂತ ಆ ಸೂಚನೆಗಳನ್ನು ದಾಟಿಸಿ ಸಿಸ್ಟಮ್ ಎಬ್ಬಿಸಿದೆ. ಏಳುತ್ತಲೇ ದಪ್ ಅಂತ ಬಿತ್ತು. ಮತ್ತೆ ಎಬ್ಬಿಸಿದೆ, ಮತ್ತೆ ಬಿತ್ತು. ಕಾರಣ ತಿಳಿಯಲು ವಾರಗಳೇ ಬೇಕಾದವು. ಪ್ರತಿ ಕೋಶದ ಜತೆಗೂ ತಪ್ಪು ಹಿಡಿಯಲೆಂದು ಒಂದು ಕಾವಲು ಗುರುತು ಇರುತ್ತದೆ. ಒಮ್ಮೆಯೂ ಬರೆಯದ ಕೋಶದಲ್ಲಿ ಆ ಗುರುತು ಕಸ. ಓದಲು ಹೋದರೆ ಮಷಿನ್ ತಪ್ಪು ಸಿಕ್ಕಿತು ಅಂತ ನಿಂತುಬಿಡುತ್ತದೆ. ಪರೀಕ್ಷೆ ಮಾಡುವ ನೆಪದಲ್ಲಿ ಆ ಪುಟ್ಟ ಕಂಪ್ಯೂಟರ್ ಇಡೀ ಮೆಮರಿಗೆ ಒಮ್ಮೆ ಸುಣ್ಣ ಬಳಿದಂತೆ ಬರೆದಿಡುತ್ತಿತ್ತು ಅನ್ನುವುದು ನನಗೆ ಹೊಳೆದಿರಲಿಲ್ಲ.

ಹಾಗಾದರೆ ಸುಣ್ಣ ಬಳಿಯುವ ಕೆಲಸವನ್ನು ದೊಡ್ಡ ಮಷಿನ್ನಿಗೇ ಕೊಡೋಣ ಅಂದುಕೊಂಡೆ. ಅದು ಕೈ ಬೀಸಿ ಬಳಿಯುತ್ತದೆ. ಬಳಿಯಿತು. ಸಿಸ್ಟಮ್ ಎದ್ದಿತು, ನಿಂತಿತು, ನಾನು ಕುಣಿಯುವುದೊಂದು ಬಾಕಿ. ಸೋಮವಾರ ಸಾಹೇಬರನ್ನು ಕರೆದು ಹಳೆಯ ಮಳೆಗಾಲದ ಅಂಕಿಗಳನ್ನು ಹಾಕಿ ಲೆಕ್ಕ ಓಡಿಸಿ ತೋರಿಸಿದೆ. ಆಪರೇಟರ್ ಬಾಯಿ ಫಲಿತಾಂಶದ ಹಾಳೆಯನ್ನು ಹರಿದು ತಂದು ಕೊಟ್ಟರು. ಸಾಹೇಬರು ಕನ್ನಡಕ ಏರಿಸಿ ಓದಿದರು.

"ಈ ಮಷಿನ್ ಹೇಳುವ ಪ್ರಕಾರ, ಬಾಬಾ, ನಮ್ಮ ಹೊಳೆ ಸಮುದ್ರದಿಂದ ಘಟ್ಟಕ್ಕೆ ಹರಿಯುತ್ತಿದೆ."

ಒಂದು ಚಿಪ್ಪು ಕೆಟ್ಟಿತ್ತು. ಒಂದು ಬಗೆಯ ಅಂಕಿ ಬರೆದರೆ ಹಿಡಿದಿಟ್ಟುಕೊಳ್ಳುತ್ತಿತ್ತು, ಇನ್ನೊಂದು ಬಗೆಯದು ಬರೆದರೆ ಬಿಟ್ಟುಬಿಡುತ್ತಿತ್ತು. ಒಂದೇ ಕೋಶದ ಎರಡು ಬಿಟ್‌ಗಳು, ಅಂದರೆ ಎರಡು ಸೊನ್ನೆ-ಒಂದುಗಳು, ಒಟ್ಟಿಗೆ ತಿರುಗಿದರೆ ಕಾವಲು ಗುರುತಿಗೂ ಗೊತ್ತಾಗುವುದಿಲ್ಲ. ಪೂರ್ತಿ ಪರೀಕ್ಷೆಯಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತಿತ್ತು. "ತಡವಾಗಿ ಬಂದ ಸರಿ ಅಂಕಿಗಿಂತ ಬೇಗ ಬಂದ ತಪ್ಪು ಅಂಕಿ ಕೆಟ್ಟದ್ದು" ಅಂದರು ಸಾಹೇಬರು. "ನೀರು ಬರುವುದಿಲ್ಲ ಅಂತ ಇದು ಹೇಳಿದ್ದರೆ? ನೀನು ಆ ಜನಕ್ಕೆ ಮಲಗಿ ಅಂತ ಹೇಳುತ್ತಿದ್ದೆ." ದನಿ ಏರಿಸಲಿಲ್ಲ. ಹೋದರು.

ನಾನು ಮಷಿನ್ನಿನ ಕೈಪಿಡಿ ಮುಚ್ಚಿದೆ. ಚಳಿಗಾಲ ಮುಗಿಯುವ ತನಕ ಮತ್ತೆ ತೆಗೆಯಲಿಲ್ಲ.

ಆ ದಿನಗಳಲ್ಲಿ ನನ್ನ ಊಟ ತಿಂಡಿ ಎಲ್ಲ ಕಚೇರಿಯ ಹತ್ತಿರದ ಹೋಟೆಲಿನಲ್ಲಿ. ಮಾಲೀಕರು ಕುಂದಾಪುರದ ಕಡೆಯವರು. ಬೇಸಿಗೆಯ ಒಂದು ಬೆಳಿಗ್ಗೆ ಅವರು ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಹಿಂದಿನ ದಿನ ಯಾವುದೋ ಮದುವೆಯ ಊಟ, ಒಳಗಿನ ಮೇಜುಗಳೆಲ್ಲ ಗಲೀಜು.

"ಬನ್ನಿ, ಕೂತ್ಕೊಳ್ಳಿ" ಅಂತ ಮುಂದಿನ ಮೇಜನ್ನು ತಾವೇ ತಿಕ್ಕಿ ಒರೆಸಿದರು.

"ಒಳಗೆಲ್ಲ ಒರೆಸಿಲ್ಲವಲ್ಲ?"

"ಎಂತ ಮಾರಾಯ್ರೆ, ಇಡೀ ಹೋಟ್ಲು ಒರ್ಸಿ ಆದ್ಮೇಲೆ ಬಾಗ್ಲು ತೆಗ್ದ್ರೆ ನನ್ನ ಇಡ್ಲಿ ಮಧ್ಯಾಹ್ನ ಖರ್ಚಾಗ್ತದೆ. ನೀವು ಒಬ್ರು ಬಂದ್ರಿ, ಒಂದು ಮೇಜು ಸಾಕಲ್ಲ? ನೀವು ತಿನ್ನುವಷ್ಟ್ರಲ್ಲಿ ಉಳಿದದ್ದು ಒರ್ಸಿ ಆಗ್ತದೆ. ಕಾಲು ಮುರಿದ ಮೇಜು ಸಿಕ್ಕಿದ್ರೆ ಮೂಲೆಗೆ ಹಾಕ್ತೇನೆ, ಹೋಟ್ಲು ಮುಚ್ಚುದಿಲ್ಲ."

ಇಡ್ಲಿ ತಣ್ಣಗಾಯಿತು. ಸಾವಿರ ಸಲ ಕಂಡ ದೃಶ್ಯವೇ. ಅಂದು ಮಾತ್ರ ಕಣ್ಣಿಗೆ ಬಿತ್ತು. ಪೂರ್ತಿ ಪರೀಕ್ಷೆಯೋ, ಪರೀಕ್ಷೆಯೇ ಇಲ್ಲವೋ ಅಂತ ಎರಡೇ ದಾರಿ ಹಿಡಿದು ಕೂತಿದ್ದೆನಲ್ಲ!

ಸಿಸ್ಟಮ್ ಏಳಲು ಬೇಕಾದಷ್ಟು ಮೆಮರಿ ಒಟ್ಟಿನಲ್ಲಿ ಸಣ್ಣ ತುಣುಕು. ಅಷ್ಟನ್ನು ಮಾತ್ರ ಪುಟ್ಟ ಕಂಪ್ಯೂಟರ್ ಎಂದಿನಂತೆ ಬಿಗಿಯಾಗಿ ನೋಡಲಿ. ಸಿಸ್ಟಮ್ ಏಳಲಿ. ಉಳಿದ ಮೆಮರಿ ಇಲ್ಲವೇ ಇಲ್ಲ ಅಂದುಕೊಂಡೇ ಏಳಲಿ. ಆಮೇಲೆ ಅಂಕಿಗಳನ್ನು ಫೋನಿನಲ್ಲಿ ಕೇಳಿ ಕೇಳಿ ಆಪರೇಟರ್ ಬಾಯಿ ತುಂಬುತ್ತಿರುವಾಗ ಮಷಿನ್ ಸುಮ್ಮನೆ ಕೂತಿರುತ್ತದೆ. ಆ ಬಿಡುವಿನಲ್ಲಿ ಒಂದು ಹಿನ್ನೆಲೆಯ ಪ್ರೋಗ್ರಾಮ್ ಉಳಿದ ಪುಟಗಳನ್ನು ಒಂದೊಂದಾಗಿ ಬಳಿದು, ಅಷ್ಟೇ ಬಿಗಿಯಾಗಿ ಪರೀಕ್ಷಿಸಿ, ದಾಖಲೆ ಮಾಡಿ ಸಿಸ್ಟಮ್ಮಿಗೆ ಒಪ್ಪಿಸುತ್ತ ಹೋಗಲಿ. ದೊಡ್ಡ ಮಷಿನ್ನೇ ಮಾಡುವುದರಿಂದ ಚಮಚೆಯ ಕಾಟವಿಲ್ಲ. ಕೆಟ್ಟ ಪುಟ ಸಿಕ್ಕರೆ ಮೂಲೆಗೆ. ಪರೀಕ್ಷೆಯಾಗದ ಒಂದು ಕೋಶವನ್ನೂ ಲೆಕ್ಕ ಮುಟ್ಟಬಾರದು. ಜತೆಗೆ, ಲೆಕ್ಕ ಓಡುವಾಗ ಆಗಾಗ ಡಿಸ್ಕಿಗೆ ಬರೆದಿಡುವುದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಉಂಗುರದ ಮಷಿನ್ನಿನ ರೂಢಿ ನಮ್ಮ ಕಣ್ಣು ಕಟ್ಟಿತ್ತು.

ಸಾಹೇಬರು ಪೂರ್ತಿ ಕೇಳಿದರು. ನಾನು ಬರೆದು ಮುಗಿಸಿದ ಮೇಲೆ, ತೆಗೆದಿಟ್ಟಿದ್ದ ಕೆಟ್ಟ ಚಿಪ್ಪನ್ನು ತಿರುಗಿ ಹಾಕಿಸಿ ಲೆಕ್ಕ ಓಡಿಸಿದರು. ಹಿನ್ನೆಲೆಯ ಪ್ರೋಗ್ರಾಮ್ ಅದನ್ನು ಹಿಡಿದು ಹೊರಗಿಟ್ಟಿತು, ಹೊಳೆ ಸರಿಯಾದ ದಿಕ್ಕಿಗೆ ಹರಿಯಿತು. ಸರ್ವಿಸ್ ಇಂಜಿನಿಯರ್ ಮಾತ್ರ ಒಪ್ಪಲಿಲ್ಲ. ಹೀಗೆ ಮಾಡಿದರೆ ಕಂಪನಿಯ ಹೊಣೆ ಮುಗಿಯಿತು ಅಂದ. ಸಾಹೇಬರ ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ, ಮಷಿನ್ ಕೆಟ್ಟರೆ ಅವರ ಕುತ್ತಿಗೆಗೇ ಬರುತ್ತಿತ್ತು.

"ಹಾಕು" ಅಂದರು ಸಾಹೇಬರು. "ಕೇಳಿದವರಿಗೆ ನಾನು ಹೇಳಿದೆ ಅನ್ನು."

ಮಳೆಗಾಲ ಬಂತು. ಮೇಸ್ತ್ರಿಯ ಜನ ಅದೇ ಜಾಗದಲ್ಲಿ ಮತ್ತೆ ಗುಡಿಸಲು ಹಾಕಿದ್ದರು. ಬೇರೆ ಜಾಗ ನೋಡಬಾರದಿತ್ತೇ ಅಂದರೆ, "ಕಾತ್ರಜದಾಗ ಕೇಳಿದ್ವಿ, ಓಡಿಸಿದ್ರು. ಹೊಳಿ ಒಂದ ನೋಡ್ರಿ, ನೀವು ಯಾರು ಅಂತ ಕೇಳೂದಿಲ್ಲ" ಅಂದಿದ್ದ ಮೇಸ್ತ್ರಿ. ಆ ಸಲ ಅವನ ತಾಯಿಯೂ ಊರಿಂದ ಬಂದಿದ್ದಳು, ಸೊಸೆ ಇಲ್ಲದ ಮನೆ ನೋಡಿಕೊಳ್ಳಲು.

ಘಟ್ಟದಲ್ಲಿ ಎಡೆಬಿಡದೆ ಸುರಿದ ವಾರ. ಎರಡೂ ಹೊಳೆ ಕೆಂಪಾಗಿದ್ದವು. ಊಟದ ಹೊತ್ತಿಗೆ ಅಣೆಕಟ್ಟಿನಿಂದ ಫೋನ್: ಎಲ್ಲ ಬಾಗಿಲೂ ಎತ್ತುತ್ತಿದ್ದೇವೆ. ಫೋನ್ ಕೆಳಗಿಟ್ಟೆ, ದೀಪ ಹೋಯಿತು.

ಬಂತು. ಟೆಲಿಪ್ರಿಂಟರ್ ಟಕಟಕ ಅಂತು. ಸಾಹೇಬರು ಬಂದು ನನ್ನ ಹಿಂದೆ ನಿಂತರು. ಅವರ ಉಸಿರು ನನ್ನ ಕುತ್ತಿಗೆಗೆ ತಾಕುತ್ತಿತ್ತು. ಸಿಸ್ಟಮ್ ಎದ್ದು ನಾನು ತಯಾರು ಅಂತ ಬರೆದಾಗ ಆಪರೇಟರ್ ಬಾಯಿ ಅಂಕಿಗಳ ಹಾಳೆಯನ್ನು ಇನ್ನೂ ಹುಡುಕುತ್ತಿದ್ದರು. "ಅಗಬಾಯಿ, ಇಷ್ಟು ಬೇಗ?" ಅಂದರು. ಅವರು ಒಂದೊಂದು ಅಂಕಿ ತುಂಬುವಾಗ ಹಿಂದೆ ಪುಟಗಳು ಸೇರುತ್ತ ಹೋದವು. ಎರಡು ಪುಟ ಮೂಲೆಗೆ ಹೋದವು, ಉಳಿದವು ಬಂದವು. ಲೆಕ್ಕ ಓಡಿತು. ಅಂಕಿ ಬಂತು. ಗುಡಿಸಲಿನ ಮಾಡು ಮುಳುಗುವಷ್ಟು ನೀರು. ಸಾಹೇಬರು ತಾವೇ ಫೋನ್ ತಿರುಗಿಸಿದರು.

ನಾನು ಜೀಪನ್ನು ಕಾಯಲಿಲ್ಲ. ಸೈಕಲ್ ತೆಗೆದುಕೊಂಡು ಹೊರಟೆ. ಹೋಗುವ ಹೊತ್ತಿಗೆ ಜೀಪಿನ ಮೇಲಿನ ಮೈಕು ಕೂಗುತ್ತಿತ್ತು, ಜನ ಮೇಲೆ ಬರುತ್ತಿದ್ದರು. ಮಕ್ಕಳು, ಟ್ರಂಕು, ಕೋಳಿ, ಜೋಳದ ಚೀಲ. ಮೇಸ್ತ್ರಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ಏರು ಹತ್ತುತ್ತಿದ್ದ. ಮುದುಕಿ ಅವನ ಕಿವಿಯ ಹತ್ತಿರ ಬಯ್ಯುತ್ತಿದ್ದಳು: "ಇಳಸಲೇ ನನ್ನ, ಹೆಣಾ ಹೊತ್ತಂಗ ಹೊತ್ತೀದಿ. ಕಾಲಿಲ್ಲೇನು ನನಗ?" ಸೇತುವೆಯ ಪಕ್ಕದ ಶಾಲೆಯ ಕಟ್ಟೆಯ ಮೇಲೆ ಆಕೆಯನ್ನು ಇಳಿಸಿದ. ಎಲ್ಲರನ್ನೂ ಎಣಿಸಿದ. ಮತ್ತೊಮ್ಮೆ ಎಣಿಸಿದ. ಎಲ್ಲರೂ ಇದ್ದರು.

ಆಮೇಲೆ ಬಹಳ ಹೊತ್ತು ನೀರು ಬರಲೇ ಇಲ್ಲ. ನಾವಿಬ್ಬರೂ ಸೇತುವೆಯ ಮೇಲೆ ನಿಂತು ಖಾಲಿ ಗುಡಿಸಲುಗಳನ್ನು ನೋಡುತ್ತಿದ್ದೆವು. ಲೆಕ್ಕ ತಪ್ಪಿತೇ ಅಂತ ನಾನು ಮತ್ತೆ ಮತ್ತೆ ಗಡಿಯಾರ ನೋಡಿದೆ. ಅಷ್ಟರಲ್ಲಿ ಹೊಳೆ ದಂಡೆಯನ್ನು ಸದ್ದಿಲ್ಲದೆ ಹತ್ತಿತು. ಹೊಸ್ತಿಲಿಗೆ ಬಂತು, ತಟ್ಟಿಗೋಡೆಗೆ ಬಂತು, ಮಾಡಿನ ಮೇಲಿನ ತಗಡುಗಳು ಒಂದೊಂದಾಗಿ ತಿರುಗಿ ಹೋದವು.

ಮೇಸ್ತ್ರಿ ಕಣ್ಣು ತೆಗೆಯದೆ ನೋಡಿದ.

"ಕರೆಂಟ್ ಹೋಗಿತ್ತೇನ್ರಿ ಇವತ್ತ?"

"ಹೋಗಿತ್ತು."

"ಆದ್ರೂ ಲಗೂ ಎದ್ದಿತು."

"ಎದ್ದಿತು."

"ಹೊಸಾ ಮಷಿನ್ ತಂದ್ರೇನ್ರಿ?"

"ಇಲ್ಲ. ಅದ ಮಷಿನ್. ನೀವು ಕಟ್ಟಿದ ಮನ್ಯಾಗಿಂದು."

ಅವನು ಕಂಬಿಯ ಮೇಲೆ ಕೈಯಿಟ್ಟು ನಿಂತೇ ಇದ್ದ. ಕೈ ಮೇಲೆ ಸಿಮೆಂಟು ಒಣಗಿ ಬಿರುಕು ಬಿಟ್ಟಿತ್ತು. ನನ್ನ ಕಡೆ ತಿರುಗಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬರೂದಿಲ್ಲ ಅಂದಿದ್ರಲ್ರಿ ಅಣ್ಣಾರ ಅವತ್ತ" ಅಂದ. "ಬರ್ತಿತ್ತು."

ಶಾಲೆಯ ಕಡೆಯಿಂದ ಮುದುಕಿ ಕೂಗಿದಳು, ಒಲೆ ಹೂಡಬೇಕು, ಮೂರು ಕಲ್ಲು ತಾ ಅಂತ. ಅವನು ಹೋದ. ರಸ್ತೆಯ ಅಂಚಿನಲ್ಲಿ ಕಲ್ಲುಗಳನ್ನು ಎತ್ತಿ ಎತ್ತಿ ನೋಡುತ್ತ, ಸಮನಾದವನ್ನು ಆರಿಸುತ್ತ. ನಾನೂ ಒಂದು ಕಲ್ಲು ಎತ್ತಿಕೊಂಡು ಅವನ ಹಿಂದೆ ನಡೆದೆ.